ಬಾರ್ಟ್ಲೆಯ ಮಾತಿಗಾಗಿ ಅಲೆದ ಬಾಬೀನ್

ಕೂತಲ್ಲಿ ಕೂರುವುದು ಬಾಬೀನ್‌ಗೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಐರ್ಲೆಂಡಿನ ಪಡುವಣ ಕಡಲಂಚಿನ ಕೊನೆಮಾರಾದಲ್ಲಿ ಹುಟ್ಟಿ ಬೆಳೆದವಳು. ಮೀನಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬಂಗುಡೆ ಸೀಳಿದವಳು, ಚಹಾ ಕುಡಿಯುವುದೂ ನಿಂತುಕೊಂಡೇ.

"ನಿನ್ನ ಕಾಲಿಗೆ ಯಾರು ಕೀಲಿ ಕೊಟ್ಟು ಬಿಟ್ಟಿದ್ದಾರೆ ಮಾರಾಯ್ತಿ?" ಎಂದು ಗಂಡ ಬಾರ್ಟ್ಲೆ ಕೆಣಕುತ್ತಿದ್ದ. ಬಂಡೆಗಳ ಮೇಲಿನ ಕಡಲಪಾಚಿ ಕೊಯ್ದು ಮಾರುವವನು ಅವನು. ಬಾಯಿ ತೆರೆದರೆ ಮುಚ್ಚುವವನಲ್ಲ. ಅವರ ಜಗಳ, ಸರಸ, ಪ್ರಾರ್ಥನೆ ಎಲ್ಲವೂ ಐರಿಷ್‌ನಲ್ಲಿ. ಇಂಗ್ಲಿಷ್ ಬರುತ್ತಿರಲಿಲ್ಲ ಎಂದಲ್ಲ. ಪೇಟೆಗೆ ಹೊರಟಾಗ ತೊಡುವ ಬೂಟಿನಂತೆ ಅದನ್ನು ಬೇಕಾದಾಗಷ್ಟೇ ಹೊರತೆಗೆಯುತ್ತಿದ್ದರು.

ಅರವತ್ತೆಂಟನೆಯ ವರ್ಷದಲ್ಲಿ, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಬಾರ್ಟ್ಲೆ ದೋಣಿ ಹತ್ತಲು ಹೋಗಿ ಕುಸಿದ. ಪಾರ್ಶ್ವವಾಯು. ಬಲಗೈ ಬಿತ್ತು, ಮಾತು ನಿಂತಿತು. ಬಾಬೀನ್ ದಿನವೂ ಬಸ್ಸು ಹಿಡಿದು ನಗರದ ಆಸ್ಪತ್ರೆಗೆ ಹೋಗತೊಡಗಿದಳು. ಬಸ್ಸಿನಲ್ಲಿ ಕೈಚೀಲದ ಜಿಪ್ ತೆರೆಯುವುದು, ಮುಚ್ಚುವುದು. ನಾಲ್ಕನೆಯ ವಾರಕ್ಕೆ ಆ ಜಿಪ್ ಕಿತ್ತೇಹೋಯಿತು.

ಐದನೆಯ ವಾರ ಮಾತಿನ ಚಿಕಿತ್ಸೆಯವಳು ಚಿತ್ರಗಳ ಕಟ್ಟು ಹಿಡಿದು ಬಂದಳು. ದೋಣಿಯ ಚಿತ್ರ ತೋರಿಸಿ ಇಂಗ್ಲಿಷ್‌ನಲ್ಲಿ, "ಇದೇನು ಹೇಳಿ?" ಎಂದಳು. ಬಾರ್ಟ್ಲೆಯ ತುಟಿ ಅದುರಿತು. ಬಹಳ ಹೊತ್ತಿನ ಮೇಲೆ, "ಬಾಡ್" ಎಂದ. ಅವಳು ಹಾಳೆಯಲ್ಲಿ ಸೊನ್ನೆ ಬರೆದಳು.

"ಅಯ್ಯೋ, ಹೇಳಿದ್ರಲ್ಲಮ್ಮಾ! ನಮ್ಮ ಮಾತಲ್ಲಿ ಬಾಡ್ ಅಂದ್ರೆ ದೋಣೀನೇ!" ಎಂದಳು ಪಕ್ಕದಲ್ಲೇ ನಿಂತಿದ್ದ ಬಾಬೀನ್.

"ನೀವು ಮಧ್ಯೆ ಮಾತಾಡಬಾರದು. ಪರೀಕ್ಷೆ ಇರೋದೇ ಇಂಗ್ಲಿಷ್‌ನಲ್ಲಿ. ಇವರಿಗೆ ಇಂಗ್ಲಿಷ್ ಬರ್ತಿತ್ತಲ್ಲ?"

"ಬರ್ತಿತ್ತು. ಆಮೇಲೆ ಬಂದದ್ದು, ಮೊದ್ಲು ಹೋಗಿದೆ."

ಆ ಹುಡುಗಿ ಕೆಟ್ಟವಳೇನಲ್ಲ, ಮುಖ ಕೆಂಪಾಯಿತು. ಆದರೂ ವರದಿ ಬರೆದಳು: ರೋಗಿಗೆ ಹೇಳಿದ್ದು ಅರ್ಥವಾಗುವುದಿಲ್ಲ, ಚಿಕಿತ್ಸೆಯಿಂದ ಪ್ರಯೋಜನ ಕಾಣದು, ಆರೈಕೆ ಕೇಂದ್ರಕ್ಕೆ ಸಾಗಿಸಬಹುದು. ಆ ಕೇಂದ್ರವೋ ಅರವತ್ತು ಮೈಲಿ ಆಚೆ, ಐರಿಷ್‌ನ ಒಂದು ಪದವೂ ಕಿವಿಗೆ ಬೀಳದ ಕಡೆ. ಎರಡು ವಾರದ ಗಡುವು.

ಅಂದಿನಿಂದ ಬಾಬೀನ್‌ಗೆ ಊಟ ಸೇರಲಿಲ್ಲ. ಆಲೂಗಡ್ಡೆ ಒಲೆಯ ಮೇಲಿಟ್ಟು ಮರೆತು ಸೀಯಿಸುವಳು. ಒರೆಸಿದ ಕಿಟಕಿಯನ್ನೇ ಮತ್ತೆ ಒರೆಸುವಳು. ಐರಿಷ್ ಆಡುವವರ ಹಕ್ಕು ಕಾಯಬೇಕಾದ ಭಾಷಾ ಆಯುಕ್ತರಿಗೆ ದೂರು ಬರೆದಳು, ಅದು ಸಾಲದೆಂದು ಆಸ್ಪತ್ರೆಯ ಕಚೇರಿಯ ಮುಂದೆ ಹೋಗಿ ನಿಂತಳು.

"ನಿಮ್ಮ ಕಡೆಯವರಿಗೆಲ್ಲ ಇಂಗ್ಲಿಷ್ ಬರುತ್ತಲ್ಲಮ್ಮಾ. ಸುಮ್ನೆ ಯಾಕೆ ಹಟ?" ಎಂದ ಅಲ್ಲಿನ ಗುಮಾಸ್ತ.

"ನಿನಗೆ ಎರಡು ಕಾಲಿದೆಯಲ್ಲಪ್ಪ. ಒಂದು ಇಲ್ಲೇ ಇಟ್ಟು ಮನೆಗೆ ನಡಿ ಅಂದ್ರೆ ನಡೀತೀಯಾ?"

ಅವನು ಕಡತದಲ್ಲಿ ತಲೆ ಹುದುಗಿಸಿದ.

ದಾರಿ ತೋರಿಸಿದವಳು ಊರಿನ ಅಂಚೆ ಕಚೇರಿಯ ಹೆಂಗಸು. "ಮಕ್ಕಳ ದವಾಖಾನೇಲಿ ಗ್ರಾನ್ಯ ಅಂತ ಒಬ್ಳಿದ್ದಾಳೆ ಕಣೇ, ಬಡಗಣ ಡೊನೆಗಾಲ್‌ನೋಳು. ಮಾತಿನ ಚಿಕಿತ್ಸೆನೂ ಗೊತ್ತು, ಐರಿಷೂ ಗೊತ್ತು." ಬಾಬೀನ್ ಕೋಟಿನ ಗುಂಡಿ ಹಾಕುತ್ತಲೇ ಹೊರಟಳು. ಗ್ರಾನ್ಯ ಎಲ್ಲವನ್ನೂ ಕೇಳಿ, "ಇದು ನನ್ನ ಕೆಲಸದ ವ್ಯಾಪ್ತಿಯಲ್ಲಿಲ್ಲ. ಮೇಲಿನವರನ್ನ ಕೇಳ್ಬೇಕು," ಎಂದಳು.

"ಕೇಳು ತಾಯಿ, ಈಗ್ಲೇ ಕೇಳು. ನಾನಿಲ್ಲೇ ಇರ್ತೀನಿ."

ನಾಲ್ಕು ಗಂಟೆ ಅಲ್ಲೇ ಇದ್ದಳು, ಕುರ್ಚಿ ಖಾಲಿಯಿದ್ದರೂ ನಿಂತುಕೊಂಡೇ.

ಅಪ್ಪಣೆ ಸಿಕ್ಕಿದ್ದು ಗಡುವಿಗೆ ಮೂರು ದಿನ ಉಳಿದಾಗ. ಗ್ರಾನ್ಯ ಮಂಚದ ಪಕ್ಕ ಕೂತು, ತನ್ನ ಸೀಮೆಯ ಎಳೆದೆಳೆದು ಆಡುವ ಐರಿಷ್‌ನಲ್ಲಿ ಬಾರ್ಟ್ಲೆಯ ಕ್ಷೇಮ ಕೇಳಿದಳು. ಬಾರ್ಟ್ಲೆ ಹುಬ್ಬು ಗಂಟಿಕ್ಕಿದ. ಹೆಂಡತಿಯ ಕಡೆ ತಿರುಗಿ, ಒಂದೊಂದೇ ಪದ ಹೆಕ್ಕಿ, "ಎಲ್ಲಿಯವಳು... ಇವಳು?" ಎಂದ.

ಅಳುವೋ ನಗುವೋ ಬಾಬೀನ್‌ಗೇ ತಿಳಿಯಲಿಲ್ಲ. ಗ್ರಾನ್ಯ ಮಾತ್ರ ಬಿದ್ದು ಬಿದ್ದು ನಕ್ಕಳು. "ಏಳು ವಾರ ಬಾಯಿ ಕಟ್ಟಿದ ಮನುಷ್ಯ ಮೊದ್ಲು ಮಾಡಿದ್ದೇ ನನ್ನ ಮಾತಿನ ಗೇಲಿ ನೋಡಿ!"

ಆ ದಿನ ಇಪ್ಪತ್ತು ಚಿತ್ರಗಳಲ್ಲಿ ಹನ್ನೊಂದನ್ನು ಬಾರ್ಟ್ಲೆ ಹೆಸರಿಸಿದ. ಹಳೆಯ ವರದಿ ರದ್ದಾಯಿತು. ಜೂನ್‌ನಲ್ಲಿ ಅವನು ಮನೆಗೆ ಬಂದ. ಹಿಂದಿನ ವಾಚಾಳಿತನ ಮರಳಲಿಲ್ಲ. ಮೂರು ಪದ ಜೋಡಿಸುವಷ್ಟರಲ್ಲಿ ಬೆವರುತ್ತಿದ್ದ, ಸಿಟ್ಟಿನಲ್ಲಿ ತಟ್ಟೆ ತಳ್ಳುತ್ತಿದ್ದ. ಗ್ರಾನ್ಯ ಗುರುವಾರಕ್ಕೊಮ್ಮೆ ಬರುತ್ತಿದ್ದಳು, ಬಿಡುವಿದ್ದರೆ ಮಾತ್ರ. ಮುಂದಿನ ರೋಗಿಗೂ ಐರಿಷ್‌ನಲ್ಲೇ ಪರೀಕ್ಷೆ ಆಗುತ್ತದೆಯೇ ಎಂಬ ಬಾಬೀನಳ ಪ್ರಶ್ನೆಗೆ ಆಸ್ಪತ್ರೆಯಿಂದ "ಪರಿಶೀಲನೆಯಲ್ಲಿದೆ" ಎಂಬ ಕಾಗದ ಬಂತು. ಎರಡನೆಯ ಸಲವೂ ಅದೇ ಕಾಗದ.

ಅಕ್ಟೋಬರ್‌ನಲ್ಲಿ ಪಕ್ಕದ ದ್ವೀಪದಿಂದ ಫೋನು: ಒಬ್ಬ ವಿಧವೆಗೂ ಪಾರ್ಶ್ವವಾಯುವಂತೆ, ಅದೇ ಆಸ್ಪತ್ರೆಯಲ್ಲಿ ಅವಳಿಗೂ ಇಂಗ್ಲಿಷ್ ಪರೀಕ್ಷೆಯಂತೆ. ಬಾಬೀನ್ ಆಗಲೇ ತಲೆಗೆ ಸ್ಕಾರ್ಫ್ ಕಟ್ಟಿಕೊಳ್ಳುತ್ತಿದ್ದಳು.

"ನಿನ್ನೊಬ್ಬನ್ನೇ ಬಿಟ್ಟು ಹೋಗ್ಲೋ ಬೇಡ್ವೋ?" ಎಂದು ಬಾಗಿಲಲ್ಲಿ ನಿಂತು ಕೇಳಿದಳು.

ಬಾರ್ಟ್ಲೆ ಎಡಗೈ ಬೀಸಿ, "ಬಸ್ಸು... ಹೋಗ್ಬಿಡ್ತದೆ," ಎಂದ.