ಹಾಲು ಕೊಡುವ ಆಲೂಗಡ್ಡೆ

ಆಲೂಗಡ್ಡೆ ಕತ್ತರಿಸಿದಾಗಲೆಲ್ಲ ಒಂದು ಚೂರನ್ನು ಗಾಜಿನ ಲೋಟದ ನೀರಿಗೆ ಇಳಿಬಿಟ್ಟು ನೋಡುತ್ತ ಕೂರುವುದು ನನ್ನ ಹಳೆಯ ಚಟ. ಇವತ್ತೂ ಹಾಗೇ ಕೂತಿದ್ದೆ. ಪಕ್ಕದ ಮನೆಯಾಕೆ ಇಣುಕಿ, ಮುದುಕಿಗೆ ಅರಳುಮರಳು ಎಂಬಂತೆ ನಕ್ಕಳು. ನೀವೂ ನಗಿ, ಅಭ್ಯಂತರವಿಲ್ಲ, ಕೇಳಿಕೊಂಡು ನಗಿ.

ಆಗ ಮಹಾರಾಜರ ಕಾಲ. ನಮ್ಮ ಯಜಮಾನರಿಗೆ ಬೇಸಾಯದ ಇಲಾಖೆಯಲ್ಲಿ ಕೆಲಸ, ಮಧುಗಿರಿಯಲ್ಲಿ ಸಂಸಾರ. ಸಂಸಾರವೆಂದರೆ ಅವರು, ನಾನು, ನಮ್ಮತ್ತೆ ಮತ್ತು ಆಲೂಗಡ್ಡೆ. ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂತೆ ಸೊರಗಿ ಸಾಯುವ ರೋಗ ಬಂದಿತ್ತು. ಅದನ್ನು ತಡೆಯುವ ತಳಿ ಯಾವುದೆಂದು ತಿಳಿಯಲು, ಚನ್ನರಾಯನದುರ್ಗದ ಬಳಿ ಕುರಿಮಂದೆಯ ಈರಮ್ಮನ ಹೊಲದಲ್ಲಿ, ರೋಗ ಹತ್ತಿದ ಮಣ್ಣಿನಲ್ಲೇ ಬೇರೆ ಬೇರೆ ತಳಿ ನೆಟ್ಟಿದ್ದರು. ಹುಡುಕಿ ಹುಡುಕಿ ಕೆಟ್ಟ ಮಣ್ಣು ಆರಿಸುವ ತನ್ನ ಮಗ ಹೆಣ್ಣನ್ನೂ ಹಾಗೇ ಆರಿಸಿದನೆಂದು ಅತ್ತೆಯ ತೀರ್ಮಾನ. ನನಗೆ ಮಕ್ಕಳಾಗಿರಲಿಲ್ಲ. 'ಗೊಡ್ಡು' ಎಂಬ ಮಾತು ಊಟಕ್ಕೆ ಉಪ್ಪಿನಕಾಯಿಯಷ್ಟೇ ಖಾಯಂ.

ಗೆಡ್ಡೆ ಅಗೆದ ದಿನ ನಾನೂ ಹೋಗಿದ್ದೆ. ಯಜಮಾನರು ಒಂದೊಂದು ತಳಿಯನ್ನೂ ಕತ್ತರಿಸಿ ನೀರಿಗಿಟ್ಟರು. ರೋಗವಿದ್ದರೆ ಚೂರಿನಿಂದ ಹಾಲಿನಂಥ ಎಳೆ ಇಳಿಯುತ್ತದೆ. ಒಂದು ತಳಿ ಬಿಟ್ಟು ಎಲ್ಲದರಿಂದಲೂ ಇಳಿಯಿತು. ಯಜಮಾನರು ಕುಣಿಯುವುದೊಂದು ಬಾಕಿ. "ಈರಮ್ಮ, ಹಾಲು ಬಂದದ್ದು ಬೇರೆ, ಬಾರದ್ದು ಬೇರೆ ಇಡು. ಬಿತ್ತನೆಗೆ ಇನ್ನು ಅದೇ ಗತಿ" ಎಂದು ಸಾಹೇಬರನ್ನು ಕರೆತರಲು ಓಡಿದರು. 'ಅದೇ' ಅಂದರೆ ಯಾವುದು? ಅವರು ಹೇಳಲಿಲ್ಲ. ಜೀವಮಾನವೆಲ್ಲ ಕುರಿ, ಎಮ್ಮೆ ಸಾಕಿದವಳು ಕೇಳಲೂ ಇಲ್ಲ. ನಾನು ಹೊಂಗೆ ಮರದಡಿ ಗೊರಕೆ ಹೊಡೆಯುತ್ತಿದ್ದೆ.

ಮಧ್ಯಾಹ್ನ ಈರಮ್ಮ ಬಡಿಸಿದ ಊಟಕ್ಕೆ ಕೂತ ಸಾಹೇಬರು ಮುದ್ದೆ ಮುರಿದು, ಆಲೂಗಡ್ಡೆ ಸಾರಿಗೆ ಅದ್ದಿ, ಬೆರಳು ನೆಕ್ಕಿ, "ಯಾವ ತಳಿಯಮ್ಮ ಇದು?" ಎಂದರು.

"ಹಾಲು ಬರ್ದಿದ್ ಗೊಡ್ಡು ಸ್ವಾಮಿ. ಇಟ್ಕಂಡ್ ಏನ್ ಮಾಡಾದು? ಎಲ್ಲಾ ಬೇಯಿಸ್ಬುಟ್ಟೆ!"

ಯಜಮಾನರು ಎದ್ದು ಸಾರಿನ ಮಡಕೆಗೆ ಇಣುಕಿದರು. ವರ್ಷಗಳ ಕೆಲಸ ಮೇಲಧಿಕಾರಿಯ ಹೊಟ್ಟೆ ಸೇರಿತ್ತು. ಇತ್ತ ಈರಮ್ಮ ನನಗೆ ಅರಿಸಿನ ಕುಂಕುಮವಿಟ್ಟು, ರೋಗದ ಗೆಡ್ಡೆಗಳನ್ನೆಲ್ಲ ನನ್ನ ಸೆರಗಿಗೆ ಸುರಿದಳು. "ಹಾಲಿರಾವು ಕಣವ್ವಾ. ನಿನ್ ಮಡ್ಲೂ ಇಂಗೇ ತುಂಬ್ಲಿ." ಮಡಿಲಿನಿಂದ ಕೊಳೆತ ವಾಸನೆ ಮೂಗಿಗೆ ಬಡಿಯಿತು. ಆದರೂ ನನ್ನ ಮಡಿಲು ತುಂಬಿದವಳು ಅವಳೊಬ್ಬಳೇ. ನನಗೆ ಅಳು ಬಂತು.

ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಈರಮ್ಮ ಮಧುಗಿರಿಗೆ ಬಂದು, ಬಾಗಿಲಲ್ಲೇ ಕೂಗಿದಳು: "ಅವ್ವಾ, ನಿಮ್ ಗೊಡ್ಡು ಈದ್ಬುಟ್ಟೈತೆ!"

ಅತ್ತೆ ಹೌಹಾರಿ ಮೊದಲು ನೋಡಿದ್ದು ನನ್ನ ಹೊಟ್ಟೆಯನ್ನು.

ಈದದ್ದು ಈರಮ್ಮನ ತಿಪ್ಪೆಯಲ್ಲಿ. ಅವತ್ತು ಸಾರು ಮಾಡುವಾಗ ಅವಳು ಮೊಳಕೆಯ ಕಣ್ಣಿನ ಸಮೇತ ದಪ್ಪಗೆ ಹೆರೆದು ಎಸೆದಿದ್ದ ಸಿಪ್ಪೆ ಚಿಗುರಿ, ಅಡಿಯಲ್ಲಿ ಗೆಡ್ಡೆ ಕಟ್ಟಿತ್ತು. ಯಜಮಾನರು ಆ ತಿಪ್ಪೆಗೆ ಕೈಮುಗಿದದ್ದನ್ನು ನಾನು ಕಣ್ಣಾರೆ ಕಂಡೆ. ಅದನ್ನೇ ಮತ್ತೆ ಅದೇ ಕೆಟ್ಟ ಹೊಲದಲ್ಲಿ ನೆಟ್ಟರು. ಒಂದು ಗಿಡವೂ ಸೊರಗಲಿಲ್ಲ. ನನಗೆ ಮಕ್ಕಳೇನೂ ಆಗಲಿಲ್ಲ. ಆದರೆ ಅತ್ತೆ ಆ ಮಾತು ಆಡುವುದನ್ನು ಬಿಟ್ಟರು. ಆಡಿದರೆ ನನಗೆ ನಗು ಬರುತ್ತಿತ್ತು.

ಪಕ್ಕದ ಮನೆಯಾಕೆ ಮತ್ತೆ ಇಣುಕಿದ್ದಾಳೆ. "ಏನಜ್ಜಿ, ಲೋಟದಲ್ಲಿ ಏನಾದ್ರೂ ಬಂತಾ?"

ನೀರು ತಿಳಿಯಾಗಿಯೇ ಇದೆ.

"ಏನೂ ಇಲ್ಲ ಕಣಮ್ಮ. ನನ್ನ ಹಾಗೇ, ಗೊಡ್ಡು" ಎಂದೆ, ಜಂಬದಿಂದ.