ಎಂಟು ಚಕ್ರದ ಗಾಡಿಗೊಂದು ಚಿಕ್ಕ ಬಾಗಿಲು

ವನಜಾಕ್ಷಿ ಮೇಡಂ ಎಲ್ಲಿಗೆ ಹೋದರೂ ಮೊದಲು ನೋಡುತ್ತಿದ್ದದ್ದು ಹೊರಗೆ ಬರುವ ದಾರಿ. ಮದುವೆ ಛತ್ರದಲ್ಲಿ ಬಾಗಿಲ ಪಕ್ಕದ ಕುರ್ಚಿ, ಸಿಟಿ ಬಸ್ಸಿನಲ್ಲಿ ಇಳಿಯುವ ಮೆಟ್ಟಿಲ ಹತ್ತಿರದ ಸೀಟು. ಹಲಸೂರಿನ ಹೋಟೆಲೊಂದರಲ್ಲಿ ಒಮ್ಮೆ ಕೂತ ಮೇಜಿನಿಂದ ನಮ್ಮನ್ನೆಲ್ಲ ಎಬ್ಬಿಸಿದ್ದರು: "ಆ ಮೂಲೇಲಿ ಕೂತ್ರೆ, ಬೆಂಕಿ ಬಿದ್ದಾಗ ವಡೆ ಜೊತೆ ನೀವೂ ಬೇಯ್ತೀರ. ಏಳ್ರೀ!"

ನಗಬೇಡಿ, ಅದೇ ಅವರ ಕಸುಬು. ಕಾಲಾಳು ಸೈನಿಕರನ್ನು ಗುಂಡಿನ ಮಳೆಯ ನಡುವೆ ಹೊತ್ತೊಯ್ಯುವ ಎಂಟು ಚಕ್ರದ ಕವಚದ ಗಾಡಿಯನ್ನು ನಾವು ತಯಾರು ಮಾಡುತ್ತಿದ್ದೆವು. ಅದರ ಉಕ್ಕಿನ ಒಡಲು ಮೇಡಂ ತಂಡದ್ದು. ನಾನು ದಾವಣಗೆರೆಯಿಂದ ಬಂದು ಆ ತಂಡ ಸೇರಿದವನು. ಅವರ ಬಾಯಲ್ಲಿ ನನ್ನ ಹೆಸರೇ "ದಾವಣಗೆರೆ" ಆಗಿಹೋಯಿತು. ಅವರು ಬಾಣಸವಾಡಿಯ ಹಳೇ ಒಕ್ಕಲು ಮನೆತನದವರು. ಫಿಟ್ಟರ್ ಹತ್ತಿರ ತಮಿಳು, ವೆಲ್ಡರ್ ಹತ್ತಿರ ದಖ್ನಿ, ನಮ್ಮ ಹತ್ತಿರ ಬರೀ ಬೈಗುಳ.

ಬೈಗುಳಕ್ಕೆ ಕಾರಣ ತೂಕ. ಟ್ಯಾಂಕಿನಂಥ ಸರಪಳಿ ಪಟ್ಟಿಯ ಬದಲು ಚಕ್ರ ಇಟ್ಟರೆ ಗಾಡಿ ರಸ್ತೆಯಲ್ಲಿ ಚೆನ್ನಾಗಿ ಓಡುತ್ತದೆ, ಒಂದು ಚಕ್ರ ಸಿಡಿದರೂ ಉಳಿದವು ಎಳೆದುಕೊಂಡು ಬರುತ್ತವೆ. ಆದರೆ ಅದು ನದಿಯನ್ನೂ ಈಜಿ ದಾಟಬೇಕು. ಕವಚ ದಪ್ಪ ಮಾಡಿದರೆ ಗಾಡಿ ಮುಳುಗುತ್ತದೆ, ತೆಳ್ಳಗೆ ಮಾಡಿದರೆ ಗುಂಡು ಒಳಗೆ. ಯಾರಾದರೂ "ಇನ್ನೊಂದು ಪ್ಲೇಟ್ ಹಾಕೋಣ ಮೇಡಂ" ಅಂದರೆ ಸಾಕು: "ಹಾಕಪ್ಪ, ಧಾರಾಳವಾಗಿ ಹಾಕು. ನೀರಲ್ಲಿ ನಿಮ್ ತಾತ ಹೊತ್ಕೊಂಡು ಹೋಗ್ತಾರಾ?"

ಹೀಗೆ ಕಿಲೋ ಕಿಲೋ ಕಿತ್ತು ಹಾಕುತ್ತಿದ್ದ ಹೆಂಗಸು ಒಂದನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಸೈನಿಕರು ಇಳಿಯುವುದು ಗಾಡಿಯ ಹಿಂಬದಿಯ ದೊಡ್ಡ ಹಲಗೆಯಿಂದ. ಅದನ್ನು ಮೋಟಾರು ಕೆಳಗಿಳಿಸುತ್ತದೆ. ಆ ಹಲಗೆಯಲ್ಲೇ, ಕೈಯಿಂದ ತೆರೆಯುವ ಚಿಕ್ಕ ಬಾಗಿಲೊಂದನ್ನು ಮೇಡಂ ಇಟ್ಟಿದ್ದರು. "ಮೋಟಾರ್ ಕೆಟ್ರೆ ಮಕ್ಕಳು ಒಳಗೆ ಕೂತು ಏನ್ಮಾಡ್ಬೇಕು, ಭಜನೆನಾ?" ನಮ್ಮ ನಿರ್ದೇಶಕರಿಗೋ ಅದು ದಂಡದ ತೂಕ, ನೀರು ನುಗ್ಗಲು ಇನ್ನೊಂದು ಸಂದು. "ಒಂದೇ ಒಂದು ಸಲ ಸೋರ್ಲಿ, ಮುಚ್ಚಿ ವೆಲ್ಡ್ ಮಾಡಿಸ್ತೀನಿ," ಅಂದಿದ್ದರು.

ಸೋರಿತು. ಆಯುಧಪೂಜೆಗೆ ಎಂಟು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದು, ಗಾಡಿಯ ಮೈತುಂಬ ಚೆಂಡುಹೂವು ಹಾಕಿದ್ದೆವು. ರಜೆ ಮುಗಿದ ದಿನವೇ ತೇಲುವ ಪರೀಕ್ಷೆ. ಮೇಡಂ ಎಂದಿನಂತೆ ಸೈನಿಕರ ಸೀಟಿನಲ್ಲಿ ಕೂತರು, ಎದುರಿಗೆ ನಾನು. ಗಾಡಿ ಕೊಳಕ್ಕಿಳಿದು ಸ್ವಲ್ಪ ಹೊತ್ತಿಗೆಲ್ಲ ಚಿಕ್ಕ ಬಾಗಿಲಿನ ಅಂಚಿನಿಂದ ನೀರು ಜಿನುಗಿ, ನೋಡನೋಡುತ್ತಾ ನನ್ನ ಬೂಟು ಮುಳುಗಿತು. ಗಾಡಿಯನ್ನು ದಡಕ್ಕೆ ಎಳೆದು ಹಾಕಿದರು. ನಿರ್ದೇಶಕರು "ಮಧ್ಯಾಹ್ನ ಮೀಟಿಂಗು" ಅಂದು ಹೊರಟೇಹೋದರು.

ಮೇಡಂ ಬಾಗಿಲು ತೆರೆದು ರಬ್ಬರಿನ ಅಂಚಿನುದ್ದಕ್ಕೂ ಬೆರಳಾಡಿಸಿದರು. ಹಿಡಿಕೆಯ ಹತ್ತಿರ ಬೆರಳು ನಿಂತಿತು. ಚೆಂಡುಹೂವಿನ ಹಾರದ ದಾರ, ಗಂಟು ಸಮೇತ, ರಬ್ಬರಿಗೂ ಉಕ್ಕಿಗೂ ನಡುವೆ ಸಿಕ್ಕಿಕೊಂಡಿತ್ತು. ಆ ಹಾರವನ್ನು ಹಿಡಿಕೆಗೆ ಕಟ್ಟಿದ್ದು ಮೇಡಂ. ಬೆಳಿಗ್ಗೆ ಅವಸರದಲ್ಲಿ ಹೂವು ಕಿತ್ತು ಬಾಗಿಲು ಮುಚ್ಚಿದ್ದೂ ಅವರೇ.

"ಯಾವ್ದೋ ದಾರ ಸಿಕ್ಕಿತ್ತು ಅನ್ನೋಣ ಮೇಡಂ. ಯಾರು ಕಟ್ಟಿದ್ರು ಅಂತ ಯಾಕೆ ಹೇಳ್ಬೇಕು? ನಿಮ್ಮ ಪ್ರಮೋಷನ್ ಬೇರೆ ಹತ್ರ ಬಂತು," ಅಂದೆ.

"ಯಾವ್ದೋ ದಾರ ಅಂದ್ರೆ ನೆಪ ಹೇಳ್ತಿದೀವಿ ಅಂತಾರೆ ದಾವಣಗೆರೆ. ಬಾಗಿಲಿನ ಮೇಲೇ ಗೂಬೆ ಕೂರಿಸ್ತಾರೆ."

ಮೀಟಿಂಗಿನಲ್ಲಿ ಕರವಸ್ತ್ರ ಬಿಚ್ಚಿ ದಾರವನ್ನು ಮೇಜಿನ ಮೇಲಿಟ್ಟರು. "ಬಾಗಿಲಿನ ತಪ್ಪಲ್ಲ ಸರ್. ಕಟ್ಟಿದ್ದೂ ನಾನು, ನೋಡ್ದೆ ಮುಚ್ಚಿದ್ದೂ ನಾನು. ನನ್ನ ಹೆಸರೇ ಬರ್ಕೊಳ್ಳಿ. ನಾಳೆ ಮತ್ತೆ ನೀರಿಗಿಳಿಸಿ." ಮಾರನೇ ದಿನ ಒಂದು ಹನಿ ನೀರೂ ಒಳಗೆ ಬರಲಿಲ್ಲ. ಬಾಗಿಲು ಉಳಿಯಿತು, ಪ್ರಮೋಷನ್ ಹೋಯಿತು. "ಹೋಗ್ಲಿ ಬಿಡ್ರೀ" ಅಂದರೇನೋ ನಿಜ, ಆದರೆ ವಾರವಿಡೀ ಯಾರನ್ನೂ ಬೈಯಲಿಲ್ಲ. ಅಯ್ಯೋ, ಬೈಸಿಕೊಂಡಿದ್ದರೇ ಚೆನ್ನಾಗಿತ್ತು ಅನ್ನಿಸಿಬಿಟ್ಟಿತು ನಮಗೆ.

ನಿವೃತ್ತರಾದ ಮೇಲೆ ಮೇಡಂ ಹೊಸ ತಿಪ್ಪಸಂದ್ರದ ಮನೆಯಲ್ಲಿ ಕಾಯಿಲೆ ಬಿದ್ದರು. ಮರುಭೂಮಿಯಲ್ಲಿ ಸೈನಿಕರೇ ಗಾಡಿ ಓಡಿಸಿ ನೋಡುವ ಪರೀಕ್ಷೆ ಮುಗಿಸಿಕೊಂಡು ನಾನು ಸೀದಾ ಅಲ್ಲಿಗೇ ಹೋದೆ. ಅವರಿಗೆ ಮಾತೇ ಕಷ್ಟವಾಗಿತ್ತು. ಮರಳು ಹೊಕ್ಕು ಮೋಟಾರು ಕೆಟ್ಟದ್ದು, ದೊಡ್ಡ ಹಲಗೆ ಅಲುಗಾಡದೆ ನಿಂತದ್ದು, ವೈರು ಸುಟ್ಟು ಒಳಗೆಲ್ಲ ಹೊಗೆ ತುಂಬಿದ್ದು, ಎಲ್ಲ ಹೇಳಿದೆ.

"ಹುಡುಗ್ರು?"

"ಚಿಕ್ಕ ಬಾಗಿಲಿಂದ ಬಂದ್ರು ಮೇಡಂ."

"ಎಲ್ರೂ?"

"ಎಲ್ರೂ."

"ಒಳಗೆ... ಹೋಗಿ ನೋಡಿದ್ರಾ?"

"ನಾನೇ ನೋಡ್ದೆ ಮೇಡಂ. ಖಾಲಿ ಇತ್ತು."

ನನ್ನ ಕೈ ಹಿಡಿದುಕೊಂಡರು. ನನಗೆ ಅಳು ತಡೆಯಲಾಗಲಿಲ್ಲ. ಅದೇ ಕೊನೆಯ ಭೇಟಿ. ಆ ವಾರವೇ ಮೇಡಂ ಹೋಗಿಬಿಟ್ಟರು. "ಖಾಲಿ ಇತ್ತು" ಅನ್ನುವ ಮಾತಿಗೆ ಒಂದು ಮುಖ ಅಷ್ಟು ಅರಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.