ದೀಪಾಳಿಗಾಗಿ ಎಳೆದ ದೀರ್ಘವೃತ್ತ

ಎರಡು ವರ್ಷದ ಹಿಂದಿನ ಬೇಸಿಗೆ. ಆಗ ನಾನು ಬನಹಟ್ಟಿಯ ಒಂದು ನೇಕಾರರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ, ಈಗಲೂ ಅಲ್ಲೇ ಇದ್ದೇನೆ. ನನ್ನ ಊರು ಬೀಳಗಿ. ಕೆಲಸ ಜಮಖಂಡಿಯ ಒಂದು ಸಣ್ಣ ಸರ್ವೆ ಕಚೇರಿಯಲ್ಲಿ. ತುಬಚಿ ಕಡೆಯ ಹೊಲಗಳಿಗೆ ಹೊಳೆಯ ನೀರು ಒಯ್ಯುವ ಪೈಪು, ಟಾಕಿ, ಬಾವಿಗಳನ್ನೆಲ್ಲ ಕಂಪ್ಯೂಟರಿನ ನಕ್ಷೆಯಲ್ಲಿ ಗುರುತು ಮಾಡುವುದು ನನ್ನ ಪಾಲಿಗೆ ಬಂದಿತ್ತು. ಬಾವಿಗೊಂದು ವೃತ್ತ, ಟಾಕಿಗೊಂದು ವೃತ್ತ. ದಿನವಿಡೀ ವೃತ್ತ ಎಳೆದು ರಾತ್ರಿ ಕಣ್ಣು ಮುಚ್ಚಿದರೂ ಅವೇ ಕಾಣುತ್ತಿದ್ದವು. ಪರದೆಯಲ್ಲಿ ವೃತ್ತ ಎಳೆಯುವ ಗುಂಡಿಯ ಪಕ್ಕದಲ್ಲೇ ದೀರ್ಘವೃತ್ತ ಎಳೆಯುವ ಗುಂಡಿಯೂ ಇತ್ತು. ಕೆಲಸ ಕಲಿಯುವಾಗ ಒಮ್ಮೆ ಒತ್ತಿ ನೋಡಿದ್ದು ಬಿಟ್ಟರೆ ನಾನು ಅದರ ಉಸಾಬರಿಗೆ ಹೋದವಳಲ್ಲ.

ಮನೆಯ ಯಜಮಾನರು ಸಂಗಪ್ಪ. ಕೆಳಗೆ ನಾಲ್ಕು ಪವರ್‌ಲೂಮು ಹಾಕಿಕೊಂಡಿದ್ದರು. ಅವರ ಹೆಂಡತಿ ಸುವರ್ಣಕ್ಕ ಮಗ್ಗದ ಕೆಲಸಕ್ಕೂ ನಿಲ್ಲುತ್ತಿದ್ದರು, ಅಡುಗೆಗೂ ಓಡುತ್ತಿದ್ದರು. ಮಗಳು ದೀಪಾಗೆ ನಾಲ್ಕು ವರ್ಷ. ಇನ್ನೊಬ್ಬರು ಸಂಗಪ್ಪನವರ ತಾಯಿ ಗಂಗವ್ವ. ಎಲ್ಲರಂತೆ ನಾನೂ ಅವರನ್ನು ಆಯಿ ಎನ್ನುತ್ತಿದ್ದೆ.

ಆಯಿಗೆ ಮರೆವು ಹತ್ತಿತ್ತು. ದಿನಾ ಮುಂಜಾನೆ ನಾನು ಮೆಟ್ಟಿಲು ಇಳಿಯುವಾಗ ಕಟ್ಟೆಯ ಮೇಲೆ ಕೂತು, "ಯಾರ ಮಗಳವ್ವಾ ನೀ?" ಎಂದು ಕೇಳುತ್ತಿದ್ದರು. ಬೀಳಗಿಯವಳು ಎಂದರೆ, "ಬೀಳಗಿಯಿಂದ ನಡಕೋತ ಬಂದಿಯೇನ?" ಎಂದು ಕಕ್ಕುಲಾತಿಯಿಂದ ನನ್ನ ಕಾಲು ನೋಡುತ್ತಿದ್ದರು. ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಬಸ್ಸು ತಪ್ಪುತ್ತದೆ ಎಂಬ ಅವಸರದಲ್ಲಿ ಅವರ ಕಣ್ಣು ತಪ್ಪಿಸಿ ಹಿತ್ತಲ ಬಾಗಿಲಿನಿಂದ ಹೋಗಲು ಶುರುಮಾಡಿದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಅದೊಂದು ಶನಿವಾರ. ಕಚೇರಿಯ ಕೆಲಸವನ್ನು ಮನೆಗೇ ತಂದು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಹನ್ನೊಂದೂವರೆ ಹೊತ್ತಿಗೆ ಕೆಳಗೆ ಮಗ್ಗಗಳ ಸದ್ದು ಒಮ್ಮೆಲೇ ನಿಂತಿತು. ಕರೆಂಟು ಹೋಗಿರಬೇಕು ಅಂದುಕೊಂಡೆ. ಮರುಕ್ಷಣವೇ ಸುವರ್ಣಕ್ಕನ ಕೂಗು ಕೇಳಿತು. ಇಳಿದು ಓಡಿದೆ.

ಬಸ್ ಸ್ಟ್ಯಾಂಡ್ ಹತ್ತಿರದ ಒಬ್ಬ ಅಂಗಡಿಯವರು ಆಯಿಯನ್ನು ಕರೆತಂದು ಕಟ್ಟೆಯ ಮೇಲೆ ಕೂರಿಸಿದ್ದರು. ಅವರು ಸಂಗಪ್ಪನವರ ಪರಿಚಯದವರು. ಆಯಿಯ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕೈಯಲ್ಲಿ ಒಂದು ಬಿಸ್ಕೀಟಿನ ಪಾಕೀಟು.

"ಹನ್ನೊಂದಕ್ಕ ಕಾಲು ತಾಸು ಇದ್ದಾಗ ಬಂದು ಬಿಸ್ಕೀಟ್ ಕೇಳಿದ್ಲು, ಕೊಟ್ಟೆ. ಅಲ್ಲೇ ಬೆಂಚಿನ ಮ್ಯಾಲೆ ಕುಂತ್ಲು. ಗಿರಾಕಿ ಗದ್ದಲದಾಗ ನಾನೂ ಲಕ್ಷ್ಯ ಕೊಡ್ಲಿಲ್ಲರಿ. ಆಮ್ಯಾಲೆ ನೋಡತೇನಿ, ಬರಿಗಾಲು," ಎಂದರು ಅಂಗಡಿಯವರು.

"ದೀಪಾ ಎಲ್ಲಿ?" ಎಂದರು ಸುವರ್ಣಕ್ಕ.

"ಯಾವ ದೀಪಾ? ಒಬ್ಬಾಕೀನ ಬಂದಿದ್ಲಲ್ಲರಿ."

ಅಷ್ಟರಲ್ಲಿ ಎದುರು ಮನೆಯವರು ಹೊರಬಂದರು. ಹತ್ತಕ್ಕೆ ಕಾಲು ಗಂಟೆ ಇದ್ದಾಗ ಆಯಿ ಮೊಮ್ಮಗಳ ಕೈ ಹಿಡಿದು ಹೋಗುವುದನ್ನು ಅವರು ಕಂಡಿದ್ದರು. ಗುಡಿಗೆ ಹೊರಟಿರಬೇಕು ಎಂದು ಸುಮ್ಮನಾಗಿದ್ದರು. ಮಗ್ಗದ ಸದ್ದಿನಲ್ಲಿ ಮನೆಯವರಿಗೆ ಏನೂ ಕೇಳಿರಲಿಲ್ಲ. ಮಗು ಆಯಿಯ ಹತ್ತಿರ ಆಡುತ್ತಿದೆ ಎಂದೇ ಎಲ್ಲರೂ ತಿಳಿದಿದ್ದರು.

ಸಂಗಪ್ಪ ತಾಯಿಯ ಮುಂದೆ ಮೊಣಕಾಲೂರಿ ಕೂತರು. "ಯವ್ವಾ, ದೀಪಾನ್ನ ಎಲ್ಲಿ ಬಿಟ್ಟಿ? ನೆನಪ ಮಾಡ್ಕೊ ಬೇ."

ಆಯಿ ಮಗನ ಮುಖ ನೋಡಿದರು. ಬಿಸ್ಕೀಟಿನ ಪಾಕೀಟು ನೋಡಿದರು. "ಕೂಸು ಹಸದೈತಿ," ಎಂದರು. ಅದೇ ಮಾತನ್ನು ಮತ್ತೆ ಮತ್ತೆ ಹೇಳಿದರು.

"ಎಲ್ಲೈತ್ರಿ ಅತ್ತಿ ಕೂಸು? ಎಲ್ಲಿ ಬಿಟ್ಟು ಬಂದ್ರಿ?" ಎಂದು ಸುವರ್ಣಕ್ಕ ಅವರ ಭುಜ ಹಿಡಿದು ಅಲುಗಿಸಿಬಿಟ್ಟರು. ಆಯಿ ಹೆದರಿ ನಡುಗತೊಡಗಿದರು. ನಾನು ಸುವರ್ಣಕ್ಕನ ಕೈ ಬಿಡಿಸಿದೆ.

ಓಣಿಯ ಗಂಡಸರೆಲ್ಲ ಸೇರಿದರು. ಯಾರೋ ಪೊಲೀಸರಿಗೆ ಫೋನು ಮಾಡಿದರು. ಯಾವ ಕಡೆ ಹುಡುಕುವುದು ಎಂದು ಒಬ್ಬೊಬ್ಬರು ಒಂದೊಂದು ಮಾತು ಆಡುತ್ತಿದ್ದಾಗ ನಾನು ಮೇಲೆ ಓಡಿ ಲ್ಯಾಪ್‌ಟಾಪ್ ತಂದೆ. ನಮ್ಮ ಮನೆಯನ್ನು ನಡುವಿಟ್ಟುಕೊಂಡು ಒಂದು ವೃತ್ತ ಎಳೆದೆ. ಆಯಿ ಮನೆ ಬಿಟ್ಟದ್ದಕ್ಕೂ ಅಂಗಡಿಗೆ ಬಂದದ್ದಕ್ಕೂ ನಡುವೆ ಒಂದು ತಾಸು. ಅವರೊಂದಿಗೆ ಎರಡು ಸಲ ಗುಡಿಗೆ ಹೋಗಿದ್ದೆನಾದ್ದರಿಂದ ನಡಿಗೆ ಗೊತ್ತಿತ್ತು. ಮಗು ಜೊತೆಗಿದ್ದರೂ ಇಲ್ಲದಿದ್ದರೂ ತಾಸಿಗೆ ಎರಡು ಕಿಲೋಮೀಟರಿಗಿಂತ ಹೆಚ್ಚು ಆಗದು. ಹಾಗಾಗಿ ಎರಡು ಕಿಲೋಮೀಟರಿನ ವೃತ್ತ.

ಅದರೊಳಗೆ ಅರ್ಧ ಊರು ಬಂತು, ಕಬ್ಬಿನ ಹೊಲ ಬಂದವು. ಅಂಚಿನಲ್ಲಿ ಕಾಲುವೆ ಬಂತು. ಕಾಲುವೆ ಕಂಡಕೂಡಲೇ ಅದರ ಮೇಲೆ ಬೆರಳಿಟ್ಟೆ. "ಮೊದಲು ಇಲ್ಲಿ ನೋಡ್ರಿ ಅಣ್ಣಾರ," ಎಂದೆ. ಸಂಗಪ್ಪನವರೂ ಉಳಿದವರೂ ಬೈಕು ಹತ್ತಿ ಕಾಲುವೆಯ ಕಡೆ ಹೋದರು.

ಒಂದು ತಾಸು ಕಳೆಯಿತು. ಬಿಸಿಲು ನೆತ್ತಿಗೇರಿತು. ಓಣಿಯ ಹೆಂಗಸರು ಮನೆ ಮನೆ, ಸಂದಿ ಸಂದಿ ಹುಡುಕಿ ಬಂದರು. ಕಾಲುವೆಯ ಕಡೆಯಿಂದ ಫೋನು ಬಂದಾಗಲೆಲ್ಲ ಸುವರ್ಣಕ್ಕ ಕಿವಿ ಮುಚ್ಚಿಕೊಳ್ಳುತ್ತಿದ್ದರು. "ಯಾರರ ಎತ್ಕೊಂಡ್ ಹೋಗಿದ್ರ..." ಎಂದು ಶುರುಮಾಡಿ ಮಾತು ಮುಗಿಸದೆ ಬಿಡುತ್ತಿದ್ದರು.

ನಾನು ಆಯಿಯ ಪಕ್ಕದಲ್ಲಿ ಕೂತಿದ್ದೆ. ಅವರಿಗೆ ನೀರು ಕುಡಿಸಿದೆ. ಪಾಕೀಟು ಇಸಿದುಕೊಳ್ಳಲು ಹೋದರೆ ಬಿಡಲಿಲ್ಲ. "ಕೂಸಿಗೆ ಐತಿ ಇದು," ಎಂದು ಸೆರಗಿನಲ್ಲಿ ಮುಚ್ಚಿಕೊಂಡರು. ಆಗ ನನಗೆ ಹೊಳೆಯಿತು. ಆಯಿ ಮಗುವನ್ನು ಎಲ್ಲೋ ಕೂರಿಸಿ ಬಿಸ್ಕೀಟು ತರಲು ಹೋಗಿದ್ದಾರೆ. ಅಂದರೆ ಆ ಒಂದು ತಾಸಿನಲ್ಲಿ ಅವರು ಮನೆಯಿಂದ ಆ ಜಾಗಕ್ಕೆ ಹೋಗಿ, ಅಲ್ಲಿಂದ ಮತ್ತೆ ಅಂಗಡಿಗೂ ಬಂದಿದ್ದಾರೆ. ಎರಡೂ ದಾರಿ ಸೇರಿ ಎರಡು ಕಿಲೋಮೀಟರು. ನಾನು ಎರಡು ಕಿಲೋಮೀಟರನ್ನು ಒಂದೇ ದಾರಿಗೆ ಕೊಟ್ಟು, ಜನರನ್ನು ಕಾಲುವೆಗೆ ಅಟ್ಟಿದ್ದೆ! ಕಾಲುವೆಗೆ ಹೋಗಿ ಹತ್ತೂ ಮುಕ್ಕಾಲಕ್ಕೆ ಬಸ್ ಸ್ಟ್ಯಾಂಡಿಗೆ ಬರಲು ಆಯಿಗೆ ಸಾಧ್ಯವೇ ಇರಲಿಲ್ಲ. ಆಟೋ ಎಂದರೆ ಮೊದಲಿನಿಂದಲೂ ಹೆದರುವವರು ಅವರು, ಹತ್ತಿದವರೇ ಅಲ್ಲ.

ದೀರ್ಘವೃತ್ತದ ಗುಂಡಿ ಒತ್ತಿದೆ. ಅದರಲ್ಲಿ ಎರಡು ಬಿಂದು ಕೊಟ್ಟು ಎಳೆಯುವ ಒಂದು ಬಗೆ ಇದೆ. ಮನೆಯ ಮೇಲೆ ಒಂದು ಬಿಂದು ಇಟ್ಟೆ, ಅಂಗಡಿಯ ಮೇಲೆ ಇನ್ನೊಂದು. ನಡುವಿನ ಅಂತರ ಒಂದೂವರೆ ಕಿಲೋಮೀಟರು. ಉಳಿದದ್ದು ಅರ್ಧ ಕಿಲೋಮೀಟರು ಮಾತ್ರ. ಹೋಗಿ ಬರುವ ಲೆಕ್ಕ ಹಿಡಿದು, ಅದರ ಅರ್ಧದಷ್ಟು ದೂರ ಅಂಗಡಿಯಾಚೆ ನೇರಕ್ಕೆ ಹೋಗಿ, ಗೆರೆ ಹಾಯಬೇಕಾದ ಮೂರನೆಯ ಬಿಂದು ಒತ್ತಿದೆ. ಗಾಬರಿಯಲ್ಲಿ ಮೊದಲ ಸಲ ತಪ್ಪಿ ಸೌತೆಕಾಯಿಯಂಥದೇನೋ ಬಂತು. ಅಳಿಸಿ ಮತ್ತೆ ಎಳೆದೆ. ಈ ಸಲ ಸರಿಯಾಗಿ ಬಂತು. ಕಾಲುವೆ ಹೊರಗುಳಿಯಿತು. ಕಬ್ಬಿನ ಹೊಲಗಳೂ ಹೊರಗುಳಿದವು.

ಸಂಗಪ್ಪನವರಿಗೆ ಫೋನು ಮಾಡಿ ಕರೆಸಿದೆ. ಅವರು ಬೆವರಿ ಬಸವಳಿದು ಬಂದರು, ಕಣ್ಣು ಕೆಂಪಾಗಿತ್ತು. ಪರದೆ ನೋಡಿ, "ಮದ್ಲು ಒಂದು ತೋರ್ಸಿದ್ರಿ, ಈಗ ಇದೊಂದು. ಇದನ್ನ ಹೆಂಗ ನಂಬಬೇಕ್ರಿ?" ಎಂದರು. ಅವರ ಮಾತು ತಪ್ಪಲ್ಲ. ನಾನು ಬಾಯಲ್ಲಿ ಹೇಳಿ ತಿಳಿಸಲಾರೆ ಅನಿಸಿತು. ಅಲ್ಲೇ ಬಿದ್ದಿದ್ದ ಹಲಗೆಗೆ ಎರಡು ಮೊಳೆ ಹೊಡೆದು, ನೂಲಿನ ಒಂದೊಂದು ತುದಿಯನ್ನು ಒಂದೊಂದು ಮೊಳೆಗೆ ಸಡಿಲಾಗಿ ಕಟ್ಟಿದೆ.

"ಈ ಮೊಳಿ ನಿಮ್ಮ ಮನಿ. ಈ ಮೊಳಿ ಅಂಗಡಿ. ನೂಲು ಅಂದ್ರ ಆಯಿ ನಡದ ದಾರಿ, ಇದಕ್ಕಿಂತ ಉದ್ದ ಆಗೂದಿಲ್ಲ. ನೀವ ಜಗ್ಗಿ ನೋಡ್ರಿ ಅಣ್ಣಾರ, ಎಲ್ಲೆಲ್ಲಿ ಮುಟ್ಟತೈತಿ."

ಹುಟ್ಟಿದಾಗಿನಿಂದ ನೂಲಿನಲ್ಲೇ ಬೆಳೆದ ಕೈ ಅದು. ಬೆರಳಿನಿಂದ ನೂಲನ್ನು ಬಿಗಿಯಾಗಿ ಜಗ್ಗಿ ಒಂದು ಸುತ್ತು ತಂದರು. ಮತ್ತೆ ಪರದೆಯ ಹತ್ತಿರ ಬಗ್ಗಿ, ಗೆರೆಯೊಳಗಿನ ಒಂದೊಂದೇ ಜಾಗ ಹೇಳುತ್ತ ಹೋದರು. ಹೊಸ ಪ್ಲಾಟುಗಳು. ಜಾಲಿ ಗಿಡದ ಬಯಲು. ಹಳೆಯ ನೇಕಾರ ಓಣಿ. ಅಲ್ಲಿ ಅವರ ಬೆರಳು ನಿಂತಿತು.

"ಇಲ್ಲಿ ನಮ್ಮ ಅಜ್ಜಾನ ಮಗ್ಗದ ಮನಿ ಐತಿ. ಅವ್ವ ಮದ್ಲು ಅಲ್ಲೇ ನೇಯತಿದ್ಲು. ಕೀಲಿ ಹಾಕಿ ಹತ್ತು ವರ್ಷ ಆತು."

"ಹಿಂದಿನ ಗ್ವಾಡಿ ಬಿದ್ದೈತ್ರಿ," ಎಂದರು ಸುವರ್ಣಕ್ಕ, ಎದ್ದು ನಿಂತು.

ಮೂವರೂ ಒಂದೇ ಬೈಕಿನಲ್ಲಿ ಹೋದೆವು. ಬಿದ್ದ ಗೋಡೆ ದಾಟಿ ಒಳಗೆ ಕಾಲಿಟ್ಟಾಗ ಕಣ್ಣಿಗೆ ಕತ್ತಲು ಕವಿಯಿತು. ಒಳಗೆ ತಂಪಿತ್ತು. ಹಿಂದಿನ ಕೈಮಗ್ಗಗಳಲ್ಲಿ ನೇಯುವವರು ಕಾಲು ಇಳಿಬಿಟ್ಟು ಕೂರಲು ನೆಲದಲ್ಲಿ ಕುಣಿ ತೋಡಿರುತ್ತಿದ್ದರು. ಮಗ್ಗ ಹೋಗಿ ಕುಣಿ ಮಾತ್ರ ಉಳಿದಿತ್ತು. ಆ ಕುಣಿಯಲ್ಲಿ ಹಳೆಯ ಗೋಣಿಚೀಲದ ಮೇಲೆ ದೀಪಾ ಮಲಗಿದ್ದಳು. ಒಂದು ಕ್ಷಣ ನಮಗೆ ಯಾರಿಗೂ ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಆಮೇಲೆ ಅವಳು ಮೂಗು ಉಜ್ಜಿಕೊಂಡಳು.

ಸುವರ್ಣಕ್ಕ ಎತ್ತಿಕೊಂಡಾಗ ಅವಳಿಗೆ ಎಚ್ಚರವಾಯಿತು. ಅಳಲಿಲ್ಲ. ತಾಯಿ ಅಳುವುದನ್ನು ಕಂಡು ಬೆರಗಾದಳು. "ಆಯಿ ಎಲ್ಲಿ?" ಎಂದು ಕೇಳಿದಳು.

"ಒಬ್ಬಾಕೀಗೆ ಅಂಜಿಕಿ ಆಗಲಿಲ್ಲೇನ ಚಿನ್ನಾ?" ಎಂದರು ಸಂಗಪ್ಪ.

ದೀಪಾ ಕುಣಿಯ ಅಂಚಿಗೆ ಕೈ ಮಾಡಿದಳು. ಅಲ್ಲಿ ಆಯಿಯ ಚಪ್ಪಲಿಗಳು ಜೋಡಿಸಿಟ್ಟಂತೆ ಇದ್ದವು. "ಆಯಿ ಬಿಸ್ಕೀಟ್ ತರಾಕ ಹೋಗ್ಯಾಳ. ನಾ ಅಳಾಕತ್ತಿದ್ದೆ. ಅದಕ್ಕ ಚಪ್ಲಿ ಬಿಟ್ಟಾಳ. ಚಪ್ಲಿ ಇಲ್ಲೇ ಬಿಟ್ಟೇನಂದ್ರ ತಿರುಗಿ ಬರತೇನಂತ ತಿಳ್ಕೊ ಅಂದಾಳ."

ಏಪ್ರಿಲ್ ತಿಂಗಳ ಡಾಂಬರು ರಸ್ತೆಯಲ್ಲಿ ಆ ಮುದುಕಿ ಬರಿಗಾಲಲ್ಲಿ ನಡೆದದ್ದು ಏಕೆ ಎಂದು ಆಗ ತಿಳಿಯಿತು. ಸಂಗಪ್ಪ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ನಿಂತರು.

ಮನೆ ತಲುಪಿದಾಗ ಆಯಿ ಇನ್ನೂ ಕಟ್ಟೆಯ ಮೇಲೇ ಇದ್ದರು. ದೀಪಾಳನ್ನು ಕಂಡವರೇ ಸೆರಗಿನೊಳಗಿನ ಪಾಕೀಟು ತೆಗೆದುಕೊಟ್ಟರು. ಒಳಗೆ ಬಿಸ್ಕೀಟೆಲ್ಲ ಪುಡಿಯಾಗಿತ್ತು. ದೀಪಾ ಆಯಿಯ ತೊಡೆಯ ಮೇಲೆ ಕೂತು ಆ ಪುಡಿಯನ್ನೇ ತಿಂದಳು. ಸುವರ್ಣಕ್ಕ ಒಳಗೆ ಹೋಗಿ ಅಗಲವಾದ ಬೋಗುಣಿಯಲ್ಲಿ ತಣ್ಣೀರು ತಂದರು. ಅತ್ತೆಯ ಪಾದಗಳನ್ನು ಅದರಲ್ಲಿಟ್ಟು ತೊಳೆದರು. ಅಂಗಾಲಿನಲ್ಲಿ ಬೊಕ್ಕೆ ಎದ್ದಿದ್ದವು. "ತಪ್ಪಾತ್ರಿ ಅತ್ತಿ," ಎಂದರು. ಯಾವ ತಪ್ಪು ಎಂದು ಆಯಿಗೆ ತಿಳಿಯಲಿಲ್ಲ. ಸೊಸೆಯ ತಲೆಯ ಮೇಲೆ ಕೈಯಾಡಿಸಿ, "ಊಟ ಮಾಡಿಯೇನು?" ಎಂದು ಕೇಳಿದರು.

ಜನ ನನ್ನನ್ನು ಬಹಳ ಹೊಗಳಿದರು. ಆದರೆ ಹೊಗಳಿಸಿಕೊಳ್ಳುವಾಗ ಖುಷಿಗಿಂತ ಆ ಮೊದಲ ವೃತ್ತವೇ ಕಣ್ಣ ಮುಂದೆ ಬರುತ್ತಿತ್ತು. ನಾನು ಅವಸರದಲ್ಲಿ ಎಳೆದ ಒಂದು ಗೆರೆಯಿಂದ ಒಬ್ಬ ತಾಯಿ ಒಂದು ತಾಸು ಕಾಲುವೆಯನ್ನೇ ನೆನೆಯುತ್ತ ಕೂತಿದ್ದಳು. ಆಯಿಯ ಪಕ್ಕದಲ್ಲಿ ಮೊದಲೇ ಐದು ನಿಮಿಷ ಕೂತು ಅವರ ಮಾತು ಕೇಳಿದ್ದರೆ ಅದು ತಪ್ಪುತ್ತಿತ್ತು. ಕಚೇರಿಯಲ್ಲಿ ಈಗಲೂ ಬಾವಿಯ ಗುರುತು ಹಾಕುವ ಮೊದಲು ಹೊಲದವರಿಗೆ ಒಂದು ಫೋನು ಮಾಡಿ ಕೇಳುತ್ತೇನೆ. ಸಹೋದ್ಯೋಗಿಗಳು ನಗುತ್ತಾರೆ, ನಗಲಿ.

ಆ ಘಟನೆಯ ನಂತರ ಬಾಗಿಲಿಗೆ ಕೀಲಿ ಹಾಕಿ ಎಂದು ಹಲವರು ಬುದ್ಧಿ ಹೇಳಿದರು. ಸಂಗಪ್ಪ ಒಪ್ಪಲಿಲ್ಲ. ದಿನಾ ಸಂಜೆ ಬಿಸಿಲು ಇಳಿದ ಮೇಲೆ ಮನೆಯವರೊಬ್ಬರು ಆಯಿಯ ಜೊತೆ ವಾಕಿಂಗ್ ಹೋಗುವುದೆಂದು ಮಾಡಿದರು. ರವಿವಾರದ ಪಾಳಿ ನಾನೇ ಕೇಳಿ ಪಡೆದೆ. ಓಣಿಯ ತುದಿಯಲ್ಲಿ ದಾರಿ ಎರಡಾಗುವಲ್ಲಿ ಆಯಿ ನಿಲ್ಲುತ್ತಾರೆ. "ಯಾಕಡೆ ಹೋಗೂದವ್ವಾ?" ಎಂದು ನನ್ನನ್ನು ಕೇಳುತ್ತಾರೆ. ನನ್ನ ಮೊಬೈಲಿನಲ್ಲಿ ಇಡೀ ಊರಿನ ನಕ್ಷೆ ಇದೆ. ಆದರೂ, "ನೀವ ಹೇಳ್ರಿ ಆಯಿ," ಎನ್ನುತ್ತೇನೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಒಂದು ಕಡೆ ಹೊರಡುತ್ತಾರೆ. ಕೆಲವು ಸಲ ಸರಿಯಾಗಿರುತ್ತದೆ. ತಪ್ಪಾದ ದಿನ ದಾರಿ ಮುಗಿಯುವವರೆಗೂ ಇಬ್ಬರೂ ಮಾತಾಡುತ್ತ ಹೋಗಿ, ತಿರುಗಿ ಬರುತ್ತೇವೆ.